ಮಳೆ ಮೇಲೆ ಹಾಕಿದ ತಪ್ಪು: ಒಂದು ಮರದ ರೆಕ್ಕೆಯ ಕಥೆ

1/5
ಇವತ್ತಿನ ಕಥೆ ಚನ್ನಪಟ್ಟಣದ ಲೇತ್‌ನಿಂದ ಶುರುವಾಗಿ ಯಲಹಂಕದ ರನ್‌ವೇಗೆ ಹೋಗುತ್ತೆ. ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ನಮ್ಮ ತಾತ ಗೊಂಬೆ ಕಡೆಯೋರು. ಆಲೆ ಮರದ ತುಂಡನ್ನ ತಿಂಗಳುಗಟ್ಟಲೆ ಒಣಗಿಸಿ, ಬೆರಳ ಗೆಣ್ಣಿಂದ ತಟ್ಟಿ, ಸದ್ದು ಕೇಳಿ, ಆಮೇಲೇ ಲೇತ್‌ಗೆ ಏರಿಸೋರು. ಒಂದ್ಸಲ ನಾನು ಬಿರುಕು ಬಿಟ್ಟ ಬುಗುರಿಗೆ ಕೆಂಪು ಅರಗು ಹಚ್ಚಿ ಮುಚ್ಚಿಬಿಟ್ಟೆ. ಫಳಫಳ ಹೊಳೀತಿತ್ತು. ತಾತ ತಟ್ಟಿ ನೋಡಿ, "ಒಳಗೆ ಬಿಟ್ಕೊಂಡಿದೆ" ಅಂತ ಪಕ್ಕಕ್ಕಿಟ್ರು. ಬೈಲಿಲ್ಲ.

ಅದು ಬುಗುರಿ. ವಿಮಾನದ ರೆಕ್ಕೆ ಆಗಿದ್ದಿದ್ರೆ?

2/5
ಎರಡನೇ ಮಹಾಯುದ್ಧದ ಕಾಲ. ಬ್ರಿಟನ್ನಿನ ಡಿ ಹ್ಯಾವಿಲ್ಯಾಂಡ್ ಕಂಪನಿ 'ಮಸ್ಕಿಟೊ' ಅನ್ನೋ ವಿಮಾನ ಕಟ್ಟಿತು. ಮೊದಲ ಹಾರಾಟ 1940ರ ನವೆಂಬರ್ 25. ಎರಡು ಇಂಜಿನ್, ಇಬ್ಬರು ಸಿಬ್ಬಂದಿ, ಮೈ ಬಹುಪಾಲು ಮರ. ಬರ್ಚ್ ಪ್ಲೈವುಡ್, ಬಾಲ್ಸಾ, ಸ್ಪ್ರೂಸ್ ಮರಗಳನ್ನು ಅಂಟು ಹಾಕಿ ಜೋಡಿಸಿದ್ದರು. ಮೊದಮೊದಲು ಬಳಸಿದ ಅಂಟು ಕೇಸೀನ್, ಅಂದರೆ ಹಾಲಿನಿಂದ ತೆಗೆದದ್ದು. ಮೇಲೆ ಹೊದಿಸಿದ ಹತ್ತಿ ಬಟ್ಟೆಯ ಹೆಸರು ಮಡಪೋಲಂ. ಆಂಧ್ರದ ನರಸಾಪುರದ ಹತ್ತಿರದ ಊರಿನಿಂದ ಬಂದ ಹೆಸರು ಅದು!

1944ರಲ್ಲಿ ರಾಯಲ್ ಏರ್ ಫೋರ್ಸಿನ 45ನೇ ಸ್ಕ್ವಾಡ್ರನ್ ಯಲಹಂಕಕ್ಕೆ ಬಂತು, ಹಳೆಯ ವೆಂಜನ್ಸ್ ಬಿಟ್ಟು ಮಸ್ಕಿಟೊ ಹಾರಿಸೋದು ಕಲಿಯೋಕೆ. ಅದೇ ವರ್ಷ ಭಾರತ–ಬರ್ಮಾ ಕಡೆಯ ಮಸ್ಕಿಟೊಗಳು ಗಾಳಿಯಲ್ಲೇ ಮುರಿದು ಬೀಳತೊಡಗಿದವು. ನವೆಂಬರಿನಲ್ಲಿ ಹಾರಾಟ ನಿಲ್ಲಿಸಿ ರೆಕ್ಕೆಗಳನ್ನು ತಪಾಸಣೆ ಮಾಡಿದರು. ಮೇಲಿನ ಪ್ಲೈವುಡ್ ಹೊದಿಕೆ ಒಳಗಿನ ಮುಖ್ಯ ತೊಲೆಯಿಂದ ಬಿಟ್ಟುಕೊಂಡಿದ್ದು ಕಂಡಿತು. ಹೊರಗಿನ ಬಣ್ಣ ಮಾತ್ರ ಚೆನ್ನಾಗೇ ಇತ್ತು.

3/5
ತಪ್ಪು ಯಾರದ್ದು?

ಕಂಪನಿ ಕಡೆಯಿಂದ ಹೆರೆವರ್ಡ್ ಡಿ ಹ್ಯಾವಿಲ್ಯಾಂಡ್ ಭಾರತಕ್ಕೆ ಬಂದು ನೋಡಿದರು. ಡಿಸೆಂಬರಿನ ವರದಿ ಹೇಳಿದ್ದು: ಅಂಟಿನದ್ದಲ್ಲ, ಮಳೆಗಾಲದ ತೇವಕ್ಕೆ ಮರದ ಅಳತೆ ಬದಲಾಗಿದ್ದೇ ಕಾರಣ. ಅಂದ್ರೆ ತಪ್ಪು ನಮ್ಮ ಹವೆಯದ್ದು!

ಆಮೇಲಿನ ತನಿಖೆಗಳು ಬೇರೆ ಮಾತಾಡಿದವು. ಮಳೆಗಾಲವನ್ನೇ ಕಾಣದ ವಿಮಾನಗಳಲ್ಲೂ ಅದೇ ಥರದ ದೋಷ ಸಿಕ್ಕಿತು. ಕಾರ್ಖಾನೆಯಲ್ಲಿ ಅಂಟು ಹಾಕಿದ ಕೆಲಸವೇ ಸರಿಯಿರಲಿಲ್ಲ. ಆದ್ರೂ ವಿಮಾನದ ಮೇಲೆ ನಂಬಿಕೆ ಹೋಗಬಾರದು ಅಂತ ಸರ್ಕಾರ 'ಹವಾಮಾನ' ಅನ್ನೋ ಮೊದಲ ಉತ್ತರಕ್ಕೇ ಅಂಟಿಕೊಂಡಿತು. ನೀರು ಒಳಗೆ ಇಳಿಯದಿರಲಿ ಅಂತ ರೆಕ್ಕೆಯ ಜೋಡಣೆಯ ಉದ್ದಕ್ಕೂ ಒಂದು ಪ್ಲೈವುಡ್ ಪಟ್ಟಿ ಕೂರಿಸಿದರು.

ನೀರು ಮರಕ್ಕೆ ಶತ್ರು ಅನ್ನೋದು ನಿಜ. ಆದರೆ ಗಟ್ಟಿಯಾಗಿ ಕೂತ ಜೋಡಣೆಗೂ ಸಡಿಲ ಜೋಡಣೆಗೂ ಮಳೆ ಒಂದೇ. ಸಡಿಲ ಇದ್ದದ್ದು ಮೊದಲು ಬಾಯಿ ಬಿಡುತ್ತೆ, ಅಷ್ಟೇ.

4/5
ಯುದ್ಧ ಮುಗೀತು, ಹಗುರ ವಿಮಾನಗಳ ಕಾಲ ಬಂತು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ 1958ರ ಸೆಪ್ಟೆಂಬರ್ 28ಕ್ಕೆ 'ಪುಷ್ಪಕ್' ಹಾರಿತು. ಪೂರ್ತಿ ಹೆಸರು ಎಚ್‌ಯುಎಲ್-26, ಅಂದರೆ ಹಿಂದೂಸ್ತಾನ್ ಅಲ್ಟ್ರಾ ಲೈಟ್. 90 ಅಶ್ವಶಕ್ತಿಯ ಇಂಜಿನ್, ಎರಡು ಸೀಟು, ಬಟ್ಟೆ ಹೊದಿಸಿದ ಮೈ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರೋದು ಕಲಿತಿದ್ದು ಇದರಲ್ಲೇ.

ಮರ, ಬಟ್ಟೆಯ ಹಗುರ ರೆಕ್ಕೆಗಳನ್ನ ಇವತ್ತಿಗೂ ನೋಡೋ ರೀತಿ ಹೀಗೆ:
• ತಟ್ಟಿ ಕೇಳೋದು. ಗಟ್ಟಿ ಜಾಗ ಟಣ್ ಅನ್ನುತ್ತೆ, ಬಿಟ್ಟುಕೊಂಡ ಜಾಗ ಮಂಕಾಗಿ ಡಬ್ ಅನ್ನುತ್ತೆ.
• ರೆಕ್ಕೆಯ ಕೆಳಗಿನ ಸಣ್ಣ ತೂತುಗಳು ಮುಚ್ಚಿವೆಯಾ ನೋಡೋದು. ಒಳಗಿನ ನೀರು ಹೊರಗೆ ಹೋಗೋ ದಾರಿ ಅದೇ.
• ತಪಾಸಣೆಯ ಕಿಂಡಿ ತೆಗೆದು ಟಾರ್ಚು, ಕನ್ನಡಿ ಹಿಡಿದು ತೊಲೆ ನೋಡೋದು. ಬೋಲ್ಟ್ ಸುತ್ತ ಬಿರುಕು, ಮೊಳೆ ಸುತ್ತ ತುಕ್ಕಿನ ಕಲೆ ಇದ್ರೆ ಎಚ್ಚರ. ಬೂಸ್ಟು ವಾಸನೆ ಬಂದ್ರೂ ಎಚ್ಚರ.
• ರೆಕ್ಕೆಯ ತುದಿಯನ್ನು ಮೆಲ್ಲಗೆ ಎತ್ತಿ ಕಿರುಗುಟ್ಟುತ್ತಾ ಕೇಳೋದು.
• ಬಟ್ಟೆಯ ಬಲ ಪರೀಕ್ಷೆ. ಬಿಸಿಲಿಗೆ ಬಟ್ಟೆ ಸಾಯುತ್ತೆ, ಮೇಲಿನ ಬಣ್ಣ ಹೊಸದಾಗಿದ್ದರೂ.

ಅನುಮಾನ ಬಂದ ಕಡೆ ಬಣ್ಣ ಬಳಿಯೋ ಹಾಗಿಲ್ಲ, ಬಿಚ್ಚಬೇಕು. ಆಮೇಲೆ ಲಾಗ್‌ಬುಕ್ಕಿನಲ್ಲಿ ಒಬ್ಬರು ತಮ್ಮ ಹೆಸರಲ್ಲಿ ಸಹಿ ಹಾಕಬೇಕು.

5/5
ಆ ಸಹಿ ಬಗ್ಗೆ ನಾನು ತುಂಬಾ ಯೋಚನೆ ಮಾಡ್ತೀನಿ. ಮಸ್ಕಿಟೊ ಹಾರಿಸ್ತಿದ್ದವರಲ್ಲಿ ಎಷ್ಟೋ ಜನ ಇಪ್ಪತ್ತರ ಆಸುಪಾಸಿನ ಹುಡುಗರು, ನಮ್ಮ ಸೀನಿಯರ್‌ಗಳ ವಯಸ್ಸು. ಯಾರೋ ಒಂದು ಜೋಡಣೆಯನ್ನ 'ನಡೆಯುತ್ತೆ ಬಿಡು' ಅಂತ ಬಿಟ್ಟಿದ್ದರು. ಅವರು ಅದನ್ನ ನಂಬಿ ಕೂತರು.

ನಮ್ಮ ರಾಮನಗರ, ಕನಕಪುರ, ಮಾಗಡಿ ಕಡೆಯಿಂದ ಐಟಿಐ, ಡಿಪ್ಲೊಮಾ ಓದ್ತಿರೋರಿಗೆ ಇದನ್ನ ಹೇಳಬೇಕು ಅನ್ನಿಸ್ತು. ಕೆಲಸ ಕೆಟ್ಟಾಗ ಮಳೆ, ಬಿಸಿಲು, ಮರ, ಯಾವುದನ್ನಾದ್ರೂ ಬೈಬಹುದು, ಅವು ವಾಪಸ್ ಮಾತಾಡಲ್ಲ. ಅದಕ್ಕೂ ಮುಂಚೆ ಒಂದ್ಸಲ ತಟ್ಟಿ ನೋಡಿ.

ಆ ಕೆಂಪು ಬುಗುರಿ ನನ್ನ ಮೇಜಿನ ಮೇಲೆ ಇನ್ನೂ ಇದೆ. ಈಗಲೂ ತಟ್ಟಿದ್ರೆ ಡಬ್ ಅನ್ನುತ್ತೆ.

#ಚನ್ನಪಟ್ಟಣ #ರಾಮನಗರ #ಯಲಹಂಕ #ಇತಿಹಾಸ