ಕುಂಡದಿಂದ ಕುಂಡಕ್ಕೆ ಬಂದ ಮೆಣಸಿನಕಾಯಿ

ಸಾರಿನ ಪುಡಿ, ಚಟ್ನಿ, ಜೋಳದ ರೊಟ್ಟಿಯ ಜೊತೆಗಿನ ರಂಜಕ - ಇವೆಲ್ಲಕ್ಕೂ ಮೆಣಸಿನಕಾಯಿ ಬೇಕು. ಆದರೆ 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದಿಳಿದಾಗ ಕನ್ನಡನಾಡಿನ ಯಾವ ಅಡುಗೆಮನೆಯಲ್ಲೂ ಅದು ಇರಲಿಲ್ಲ. ಖಾರಕ್ಕೆ ಆಗ ಇದ್ದುದು ಕಾಳುಮೆಣಸು, ಹಿಪ್ಪಲಿ ಮತ್ತು ಶುಂಠಿ.

ಇದಕ್ಕೆ ನಮ್ಮ ನುಡಿಯೇ ಸಾಕ್ಷಿ. 'ಮೆಣಸು' ಎಂಬುದು ಮೊದಲಿಗೆ ಬಳ್ಳಿಯಲ್ಲಿ ಬಿಡುವ ಕಪ್ಪು ಕಾಳಿನ ಹೆಸರು. ಅದರಂತೆಯೇ ಖಾರವಾದ ಹೊಸ ಕಾಯಿ ಬಂದಾಗ ಜನ ಅದನ್ನು 'ಮೆಣಸಿನ ಕಾಯಿ' ಎಂದರು. ಬರಬರುತ್ತಾ ಹೊಸಬನೇ ಮನೆಯ ಯಜಮಾನನಾದ. ಹಳಬ 'ಕಾಳುಮೆಣಸು', 'ಒಳ್ಳೆಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಕರಾವಳಿಯಲ್ಲಿ ಬರಿಯ 'ಮೆಣಸು' ಎಂದರೆ ಇಂದು ಮೆಣಸಿನಕಾಯಿಯೇ.

ಈ ಗಿಡದ ತವರು ಅಮೆರಿಕ ಖಂಡ. ನಾವು ಹೆಚ್ಚಾಗಿ ಬೆಳೆಯುವ ಜಾತಿಯನ್ನು ಮೊದಲು ಪಳಗಿಸಿದವರು ಮೆಕ್ಸಿಕೋದ ಮೂಲನಿವಾಸಿಗಳು. ಇಕ್ವೆಡಾರಿನಲ್ಲಿ ಸುಮಾರು 6,000 ವರ್ಷ ಹಳೆಯ ಮೆಣಸಿನಕಾಯಿಯ ಪಿಷ್ಟದ ಕುರುಹುಗಳು ಸಿಕ್ಕಿವೆ. ಕಾಳುಮೆಣಸಿನ ನಾಡನ್ನು ಹುಡುಕಿ ಹೊರಟ ಕೊಲಂಬಸ್, 1493ರ ಜನವರಿಯಲ್ಲಿ ತನ್ನ ದಿನಚರಿಯಲ್ಲಿ ಈ ಕಾಯಿಯ ಪ್ರಸ್ತಾಪ ಮಾಡಿದ್ದಾನೆ. ಬೀಜ ಸ್ಪೇನಿಗೆ ಹೋಯಿತು. ಪೋರ್ಚುಗೀಸರ ಹಡಗುಗಳ ಮೂಲಕ ನಮ್ಮ ಪಶ್ಚಿಮ ಕರಾವಳಿಗೂ ಬಂದಿತು. 1542ರಲ್ಲಿ ಜರ್ಮನಿಯ ಸಸ್ಯಶಾಸ್ತ್ರಜ್ಞ ಲಿಯೊನ್‌ಹಾರ್ಟ್ ಫುಕ್ಸ್ ಇದರ ಚಿತ್ರ ಪ್ರಕಟಿಸಿ, ಇದನ್ನು ಕಲ್ಲಿಕೋಟೆಯ ಮೆಣಸು ಎಂದೇ ಕರೆದ. ಐವತ್ತು ವರ್ಷಗಳೊಳಗೆ ಅದರ ತವರೇ ಮರೆತುಹೋಗಿತ್ತು!

ಇಷ್ಟು ವೇಗ ಹೇಗೆ ಸಾಧ್ಯವಾಯಿತು? ಕಾಳುಮೆಣಸಿಗೆ ಮಳೆನಾಡು ಬೇಕು, ಹಬ್ಬಲು ಮರ ಬೇಕು, ಫಸಲಿಗೆ ಮೂರು ನಾಲ್ಕು ವರ್ಷ ಕಾಯಬೇಕು. ಮೆಣಸಿನಕಾಯಿಗೆ ಇವಾವುವೂ ಬೇಡ. ಒಣಗಿದ ಬೀಜವನ್ನು ಸೆರಗಿನ ತುದಿಯಲ್ಲಿ ಕಟ್ಟಿ ಒಯ್ಯಬಹುದು. ಬಿತ್ತಿದ ಮೂರು ನಾಲ್ಕು ತಿಂಗಳಿಗೆ ಕಾಯಿ ಕೈಗೆ ಬರುತ್ತದೆ. ಹದಿನಾರನೆಯ ಶತಮಾನದಲ್ಲಿ ಸೆವಿಲ್ ನಗರದ ವೈದ್ಯ ನಿಕೊಲಾಸ್ ಮೊನಾರ್ಡೆಸ್, ಸ್ಪೇನಿನಲ್ಲಿ ಜನ ಇದನ್ನು ತೋಟಗಳಲ್ಲಷ್ಟೇ ಅಲ್ಲ, ಹೂಕುಂಡಗಳಲ್ಲೂ ಬೆಳೆಯುತ್ತಾರೆಂದು ಬರೆದ. ಸಿರಿವಂತರ ಸಂಬಾರವಾಗಿದ್ದ ಖಾರವು ಬಡವನ ಹಿತ್ತಿಲಿಗೆ ಬಂದದ್ದು ಹೀಗೆ.

ಇಂದು ಮೊದಲ ಬಾರಿಗೆ ಇದನ್ನು ಬೆಳೆಯಲು ಹೊರಟವರು ಈ ಚರಿತ್ರೆಯನ್ನೇ ಮತ್ತೆ ನಡೆಸುತ್ತಾರೆ. ಬಿಸಿನಾಡಿನ ಗಿಡವಾದ್ದರಿಂದ ಮೊಳೆಯಲು 25ರಿಂದ 30 ಡಿಗ್ರಿ ಉಷ್ಣತೆ ಹಿತ; ಒಂದೆರಡು ವಾರ ತಾಳ್ಮೆ ಬೇಕು. ಐದಾರು ಎಲೆ ಮೂಡಿದ ಸಸಿಯನ್ನು ನೀರು ಬಸಿದುಹೋಗುವ ಕುಂಡಕ್ಕೆ ನೆಡಬೇಕು. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಹೊಸಬರು ಮಾಡುವ ದೊಡ್ಡ ತಪ್ಪು ಅತಿಯಾಗಿ ನೀರು ಹಾಕುವುದು. ಮನೆಯೊಳಗೆ ಬೆಳೆಯುವವರು ಹೂ ಬಿಟ್ಟಾಗ ಗಿಡವನ್ನು ಮೆಲ್ಲಗೆ ಅಲುಗಾಡಿಸಿದರೆ ಸಾಕು. ಹೂವು ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ಬಯಲಲ್ಲಿ ಗಾಳಿ ಮತ್ತು ಜೇನ್ನೊಣಗಳು ಆ ಕೆಲಸ ಮಾಡುತ್ತವೆ. ಆದರೆ ಎಲೆ ಮುದುಡಿಸುವ ಕೀಟಗಳ ಕಾಟ ಅಲ್ಲಿ ಹೆಚ್ಚು. ವಾಸ್ತವವಾಗಿ ಇದು ಹಲವು ವರ್ಷ ಬದುಕುವ ಗಿಡ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದಲ್ಲಿ ಕುಂಡವನ್ನು ಒಳಗಿಟ್ಟು ಉಳಿಸಿಕೊಳ್ಳುವವರಿದ್ದಾರೆ.

ಖಾರವೂ ಬೀಜದ ಪ್ರಯಾಣಕ್ಕಾಗಿಯೇ ಇದೆ. ಪ್ರಾಣಿಗಳು ಅಗಿದರೆ ಬೀಜ ನಾಶ. ಹಕ್ಕಿಗಳಿಗೆ ಖಾರ ತಿಳಿಯದು. ಅವು ಹಣ್ಣು ನುಂಗಿ ಬೀಜವನ್ನು ದೂರಕ್ಕೆ ಒಯ್ದು ಚೆಲ್ಲುತ್ತವೆ. ಖಾರಕ್ಕೆ ಹೆದರದೆ ಹಕ್ಕಿಗಳಿಗೂ ಮಿಗಿಲಾಗಿ ಬೀಜ ಹರಡಿದವನು ಮನುಷ್ಯನೊಬ್ಬನೇ.

ಆ ಹರಡುವಿಕೆಯ ಜೊತೆಗೇ ಆಯ್ಕೆಯೂ ನಡೆದಿತ್ತು. ಪ್ರತಿ ವರ್ಷ ಒಳ್ಳೆಯ ಗಿಡದ ಹಣ್ಣನ್ನು ಬೀಜಕ್ಕೆಂದು ತೆಗೆದಿಟ್ಟ ರೈತರ ಕೈಯಲ್ಲಿ ಬ್ಯಾಡಗಿ ರೂಪುಗೊಂಡಿತು - ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಗಾಢ ಕೆಂಪು. ಅದರ ಕಡ್ಡಿ, ಡಬ್ಬಿ ಎಂಬ ಬಗೆಗಳಿಗೆ ಹೆಸರಿಟ್ಟವರೂ ಇಲ್ಲಿಯ ಜನವೇ. 2011ರಲ್ಲಿ ಬ್ಯಾಡಗಿ ಮೆಣಸಿನಕಾಯಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆದರೆ ಮಾನ್ಯತೆಯ ಪತ್ರ ಬೀಜವನ್ನು ಕಾಯಲಾರದು. ಹೆಚ್ಚು ಇಳುವರಿಯ ಸಂಕರ ತಳಿಗಳು ಹೊಲಕ್ಕೆ ಬಂದ ಮೇಲೆ ಹಳೆಯ ತಳಿಗಳು ಹಿಂದೆ ಸರಿಯುತ್ತಿವೆ. ಸಂಕರ ತಳಿಯ ಬೀಜವನ್ನು ತೆಗೆದಿಟ್ಟು ಬಿತ್ತಿದರೆ ಮರುವರ್ಷ ತಾಯಿಗಿಡದ ಗುಣ ಹಾಗೆಯೇ ಬರುವುದಿಲ್ಲ. ರೈತ ಪ್ರತಿ ಸಲ ಅಂಗಡಿಗೆ ಹೋಗಲೇಬೇಕು.

ಆದ್ದರಿಂದ ಕುಂಡದಲ್ಲಿ ಬೆಳೆಯುವವರು, ಸ್ವಂತ ಬೀಜ ಉಳಿಸಿಕೊಂಡ ರೈತರನ್ನು ಕೇಳಿ ನಾಟಿ ತಳಿಯ ನಾಲ್ಕು ಬೀಜ ತಂದು ಹಾಕುವುದು ಒಳ್ಳೆಯದು. ಚೆನ್ನಾಗಿ ಬೆಳೆದ ಒಂದು ಗಿಡದಲ್ಲಿ ಎರಡು ಕಾಯಿಗಳನ್ನು ಕೀಳದೆ ಪೂರ್ತಿ ಕೆಂಪಾಗಲು ಬಿಟ್ಟು, ಒಣಗಿಸಿ, ಬೀಜ ತೆಗೆದಿಡಬೇಕು. ಕೇಳಿದ ನೆರೆಯವರಿಗೂ ಅದರಲ್ಲಿ ಪಾಲು ಕೊಡಬೇಕು. ಈ ಗಿಡ ನಮ್ಮಲ್ಲಿಗೆ ಬಂದದ್ದೂ, ನಮ್ಮದಾದದ್ದೂ ಹಾಗೆಯೇ.