ಕಡಲು ಕಾದರೆ ಹವಳ ಬಿಳಿಚುವುದೇಕೆ?

ಹವಳವೆಂದೊಡನೆ ನಿಮಗೆ ಅಜ್ಜಿಯ ಕೊರಳಿನ ಕೆಂಪು ಸರ ನೆನಪಾಗಬಹುದು. ಆಭರಣದ ಆ ಹವಳ ಬೇರೆ, ಸಮುದ್ರದೊಳಗೆ ದಿಬ್ಬ ಕಟ್ಟುವ ಹವಳ ಬೇರೆ. ಈ ಎರಡನೆಯದು ನಮ್ಮ ಉತ್ತರ ಕನ್ನಡದಲ್ಲೇ ಇದೆ. ಹೊನ್ನಾವರದಿಂದ ದಕ್ಷಿಣಕ್ಕೆ ಹೊರಟರೆ ಭಟ್ಕಳ ತಾಲೂಕಿನ ಮುರ್ಡೇಶ್ವರ ಸಿಗುತ್ತದೆ. ಅಲ್ಲಿಂದ ಕಡಲಿನಲ್ಲಿ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ, ಮುಳುಗಿದ ಬಂಡೆಗಳ ಮೇಲೆ ಹವಳಗಳು ಬೆಳೆದಿವೆ.

ಹೊನ್ನಾವರದ ದಂಡೆಯಲ್ಲೇ ಅವು ಏಕೆ ಬೆಳೆಯಲಿಲ್ಲ? ಮಳೆಗಾಲದಲ್ಲಿ ಶರಾವತಿಯ ಅಳಿವೆಯನ್ನು ನೋಡಿದ್ದರೆ ಉತ್ತರ ನಿಮಗೇ ಹೊಳೆಯುತ್ತದೆ. ನದಿ ಸಿಹಿನೀರನ್ನೂ ಕೆಸರನ್ನೂ ತಂದು ಸುರಿಯುತ್ತದೆ. ಹವಳಕ್ಕೆ ಬೇಕಾದದ್ದು ತಿಳಿಯಾದ ಉಪ್ಪುನೀರು ಮತ್ತು ಧಾರಾಳ ಬಿಸಿಲು.

ಹವಳ ಗಿಡವಲ್ಲ, ಪ್ರಾಣಿ. 18ನೆಯ ಶತಮಾನದಲ್ಲಿ ಫ್ರಾನ್ಸಿನ ಪೇಸೊನೆಲ್ ಹೀಗೆಂದಾಗ ಅಂದಿನ ಪಂಡಿತರು ನಂಬಲಿಲ್ಲ. 1842ರಲ್ಲಿ ಚಾರ್ಲ್ಸ್ ಡಾರ್ವಿನ್, ಮೆಲ್ಲನೆ ಮುಳುಗುವ ದ್ವೀಪದ ಸುತ್ತ ಹವಳಗಳು ಮೇಲಕ್ಕೆ ಬೆಳೆಯುತ್ತ ಉಂಗುರದಾಕಾರದ ದ್ವೀಪಗಳಾಗುವುದನ್ನು ವಿವರಿಸಿದನು. ಆದರೆ ಈ ಕಟ್ಟಡಕ್ಕೆ ಬೇಕಾದ ಶಕ್ತಿಯ ಬಹುಪಾಲು ಹವಳದ್ದಲ್ಲ. ಅದರ ಮೈಯೊಳಗೆ ವಾಸಿಸುವ ಸೂಕ್ಷ್ಮ ಪಾಚಿಗಳು ಬಿಸಿಲಿನಿಂದ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತವೆ. ಹವಳದ ಬಣ್ಣವೂ ಹೆಚ್ಚಾಗಿ ಅವುಗಳದ್ದೇ.

ಸಮುದ್ರದ ಉಷ್ಣತೆ ಬೇಸಿಗೆಯ ವಾಡಿಕೆಯ ಮಿತಿಯನ್ನು ಕೇವಲ 1 ಡಿಗ್ರಿ ಸೆಲ್ಸಿಯಸ್ ಮೀರಿ ಕೆಲವು ವಾರ ನಿಂತರೆ ಈ ಸ್ನೇಹ ಮುರಿಯುತ್ತದೆ. ಪಾಚಿಗಳಲ್ಲಿ ವಿಷಕಾರಿ ವಸ್ತುಗಳು ಹುಟ್ಟುತ್ತವೆ. ಹವಳ ಅವನ್ನು ಹೊರಹಾಕುತ್ತದೆ. ಆಗ ಸುಣ್ಣದ ಅಸ್ಥಿ ಹೊರಗೆ ಕಂಡು ಹವಳ ಬೆಳ್ಳಗಾಗುತ್ತದೆ. ಬಿಳಿಚಿದ ಹವಳ ಸತ್ತಿರುವುದಿಲ್ಲ, ಹಸಿದಿರುತ್ತದೆ. ನೀರು ಬೇಗ ತಣಿದರೆ ಪಾಚಿಗಳು ಮರಳುತ್ತವೆ. ಇಲ್ಲವಾದರೆ ಸಾವು ಖಂಡಿತ.

ಇದರ ಚರಿತ್ರೆ ದೀರ್ಘವೇನಲ್ಲ. 1998ರಲ್ಲಿ, ಎಲ್ ನಿನೊ ವರ್ಷದಲ್ಲಿ, ಮೊದಲ ಬಾರಿಗೆ ಜಗತ್ತಿನಾದ್ಯಂತ ಹವಳಗಳು ಬಿಳಿಚಿದವು. ಅರಬ್ಬೀ ಸಮುದ್ರದ ಲಕ್ಷದ್ವೀಪವೂ ಆಗ ಭಾರೀ ನಷ್ಟ ಅನುಭವಿಸಿತು. ಅಲ್ಲಿ 2010 ಮತ್ತು 2016ರಲ್ಲಿ ಮತ್ತೆ ಹಾಗೆಯೇ ಆಯಿತು. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೆಯ ಜಾಗತಿಕ ಬಿಳಿಚುವಿಕೆಯನ್ನು ಘೋಷಿಸಿದರು. ಎಲ್ ನಿನೊ ಹಿಂದೆಯೂ ಬರುತ್ತಿತ್ತು. ಆದರೆ ಕಲ್ಲಿದ್ದಲು, ಎಣ್ಣೆ ಉರಿಸಿ ನಾವು ಹೆಚ್ಚಿಸಿದ ಶಾಖದ ಶೇಕಡಾ 90ಕ್ಕೂ ಹೆಚ್ಚು ಪಾಲನ್ನು ಸಮುದ್ರವೇ ಹೀರಿಕೊಂಡಿದೆ. ಈಗಾಗಲೇ ಕಾದಿರುವ ನೀರನ್ನು ಎಲ್ ನಿನೊ ಇನ್ನಷ್ಟು ಕಾಯಿಸುತ್ತದೆ.

ಒಂದು ಲೆಕ್ಕ ಮಾಡಿ. ಗುಂಡಗೆ ಬೆಳೆಯುವ ಹವಳ ವರ್ಷಕ್ಕೆ ಸುಮಾರು 1 ಸೆಂ.ಮೀ. ಏರುತ್ತದೆ. ಒಂದು ಮೀಟರ್ ಎತ್ತರವಾಗಲು ನೂರು ವರ್ಷ ಬೇಕು. ಸಾಯಲು ಒಂದು ಬೇಸಿಗೆ ಸಾಕು. ಎರಡು ಬಿಳಿಚುವಿಕೆಗಳ ನಡುವಿನ ಬಿಡುವು ಕಡಿಮೆಯಾದಷ್ಟೂ ಚೇತರಿಕೆ ಕಷ್ಟ.

ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆ ಇದೆ. ಅವನ್ನು ಕೀಳುವುದು ಅಪರಾಧ. ದೋಣಿಯ ಲಂಗರು ಹವಳದ ಮೇಲೆ ಬೀಳದಂತೆ ನೋಡಿಕೊಳ್ಳುವುದೂ ನಮ್ಮ ಕೈಯಲ್ಲಿದೆ. ಆದರೆ ಬಿಸಿನೀರಿಗೆ ಕಾಯಿದೆ ತಿಳಿಯದು. ಹವಳದ ಸಂದುಗಳಲ್ಲಿ ಮರಿಮೀನು ಬೆಳೆಯುತ್ತದೆ. ಮೀನನ್ನು ನಂಬಿ ಈ ಕರಾವಳಿಯ ಮನೆಗಳು ಬದುಕುತ್ತವೆ. ಮುಂದಿನ ಬಾರಿ ಮುರ್ಡೇಶ್ವರದ ದಂಡೆಯಲ್ಲಿ ನಿಂತು ನೇತ್ರಾಣಿಯತ್ತ ನೋಡುವಾಗ, ನಾವು ಉರಿಸುವ ಇಂಧನಕ್ಕೂ ಆ ಮನೆಗಳ ಒಲೆಗೂ ಇರುವ ಈ ನಂಟನ್ನು ನೆನೆಯಿರಿ.