ಯಾಂತ್ರಾ ತೀರದ ತರ್ನೊವೊ ನಗರ

ಒಮ್ಮೆ ನಾವು ತರಗತಿಯಲ್ಲಿ ವಿಜಯನಗರದ ಪಾಠವನ್ನು ಮುಗಿಸಿ, ೧೫೬೫ರ ಯುದ್ಧದ ತರುವಾಯ ಹಂಪೆ ಹಾಳಾದ ಬಗೆಯನ್ನು ವಿವರಿಸಿ, ಪುಸ್ತಕವನ್ನು ಮಡಚುವಷ್ಟರಲ್ಲಿ ಹಿಂದಿನ ಬೆಂಚಿನ ಬಾಲಕಿಯೊಬ್ಬಳು ಎದ್ದು ನಿಂತು, "ಮಾಷ್ಟ್ರೇ, ಊರು ಹಾಳಾಯಿತು, ಸರಿ, ಊರು ಹಾಳಾದರೆ ಅಲ್ಲಿಯವರ ಮಾತು ಏನಾಗುತ್ತದೆ?" ಎಂದು ಕೇಳಿದಳು. ಅಷ್ಟರಲ್ಲಿ ಗಂಟೆ ಬಾರಿಸಿತು. ನಾವು ಉತ್ತರ ಹೇಳದೆ ತಪ್ಪಿಸಿಕೊಂಡೆವು. ಆದರೆ ಪ್ರಶ್ನೆ ಮನಸ್ಸನ್ನು ಬಿಡಲಿಲ್ಲ. ಉತ್ತರವನ್ನು ಅರಸುತ್ತ ಓದಿದಾಗ ನಮ್ಮ ಕಣ್ಣಿಗೆ ಬಿದ್ದುದು ಬಹು ದೂರದ ಒಂದು ನಗರ. ನಾವು ಅದನ್ನು ಕಣ್ಣಾರೆ ಕಂಡವರಲ್ಲ. ಆದರೂ ಭೂಪಟವನ್ನು ಮುಂದಿರಿಸಿಕೊಂಡು, ವಾಚಕರನ್ನೂ ಜೊತೆಗೆ ಕರೆದುಕೊಂಡು, ಅದನ್ನೂ ಅದರ ಆಸುಪಾಸನ್ನೂ ಒಮ್ಮೆ ಸುತ್ತಿ ಬರಲು ಇಚ್ಛಿಸುತ್ತೇವೆ.

ಯುರೋಪಿನ ಆಗ್ನೇಯ ಭಾಗದಲ್ಲಿ ಬಲ್ಗೇರಿಯಾ ದೇಶವಿದೆ. ಅದರ ಉತ್ತರಕ್ಕೆ ಡಾನ್ಯೂಬ್ ನದಿ, ಪೂರ್ವಕ್ಕೆ ಕಪ್ಪು ಸಮುದ್ರ. ನಡುವೆ ಪಶ್ಚಿಮದಿಂದ ಪೂರ್ವಕ್ಕೆ ಚಾಚಿಕೊಂಡ ಬಾಲ್ಕನ್ ಪರ್ವತಶ್ರೇಣಿ. ಆ ಪರ್ವತದಲ್ಲಿ ಹುಟ್ಟಿ ಡಾನ್ಯೂಬನ್ನು ಸೇರುವ ಯಾಂತ್ರಾ ನದಿಯು ಹಾವಿನಂತೆ ಬಳುಕುತ್ತ ಕೆಲವು ಗುಡ್ಡಗಳನ್ನು ಬಳಸಿ ಹರಿಯುವಲ್ಲಿ ತರ್ನೊವೊ ನಗರವು ನೆಲೆಸಿದೆ. ೧೯೬೫ರಲ್ಲಿ ಅದರ ಹೆಸರಿಗೆ 'ಹಿರಿಯ' ಎಂಬ ಅರ್ಥದ 'ವೆಲಿಕೊ' ಎಂಬ ವಿಶೇಷಣ ಸೇರಿತು. ಅಲ್ಲಿಯ ಮನೆಗಳು ನದಿಯ ಕಡಿದಾದ ದಡದ ಮೇಲೆ ಮೆಟ್ಟಿಲುಗಳಂತೆ ಒಂದರ ಮೇಲೊಂದು ಏರಿ ನಿಂತಿವೆ.

ಗುಡ್ಡಗಳಲ್ಲಿ ಮುಖ್ಯವಾದುದು ತ್ಸಾರೆವೆತ್ಸ್. ನದಿಯು ಅದನ್ನು ಸುತ್ತುವರಿದಿದ್ದು, ಒಳಹೋಗಲು ಒಂದು ಕಿರಿದಾದ ಬಂಡೆಯ ದಾರಿಯಿದೆ. ಇಂಥ ಸ್ಥಳದಲ್ಲಿ ಕೋಟೆ ಕಟ್ಟುವುದಕ್ಕೆ ಮನುಷ್ಯನಿಗಿಂತ ಮೊದಲು ಪ್ರಕೃತಿಯೇ ಅರ್ಧ ಕೆಲಸ ಮಾಡಿಟ್ಟಿತ್ತು. ೧೦೧೮ರಿಂದ ಬಲ್ಗೇರಿಯಾ ಬೈಜಾಂಟಿಯಮ್ ಸಾಮ್ರಾಜ್ಯದ ಅಧೀನದಲ್ಲಿತ್ತು. ಚಕ್ರವರ್ತಿ ಎರಡನೆಯ ಐಸಾಕನು ತನ್ನ ವಿವಾಹದ ವೆಚ್ಚಕ್ಕಾಗಿ ಹೊಸ ಕರ ಹೇರಿದಾಗ ಪ್ರಜೆಗಳು ಕೆರಳಿದರು. ೧೧೮೫ರಲ್ಲಿ ಆಸೆನ್ ಮತ್ತು ಪೀಟರ್ ಎಂಬ ಸಹೋದರರು ದಂಗೆಯ ಧ್ವಜವನ್ನೆತ್ತಿದರು. ಸಂತ ಡಿಮೆಟ್ರಿಯಸನು ತನ್ನ ಥೆಸಲೋನಿಕಾ ನಗರವನ್ನು ತೊರೆದು ನಮ್ಮ ಸಹಾಯಕ್ಕೆ ಬಂದಿದ್ದಾನೆಂದು ಸಾರಿ, ಜನರ ಅಂಜಿಕೆಯನ್ನು ನೀಗಿಸಿದರಂತೆ. ಹೀಗೆ ಎರಡನೆಯ ಬಲ್ಗೇರಿಯನ್ ಸಾಮ್ರಾಜ್ಯಕ್ಕೆ ತರ್ನೊವೊ ರಾಜಧಾನಿಯಾಯಿತು.

ಅವರ ತಮ್ಮ ಕಲೊಯಾನನು ೧೨೦೫ರಲ್ಲಿ ಕಾನ್‌ಸ್ಟಾಂಟಿನೋಪಲಿನ ಲ್ಯಾಟಿನ್ ಚಕ್ರವರ್ತಿ ಬಾಲ್ಡ್ವಿನನನ್ನು ಯುದ್ಧದಲ್ಲಿ ಸೆರೆಹಿಡಿದನು. ಆ ಚಕ್ರವರ್ತಿಯ ಹೆಸರನ್ನು ಹೊತ್ತ ಬುರುಜನ್ನು ಇಂದೂ ಕೋಟೆಯಲ್ಲಿ ತೋರಿಸುತ್ತಾರೆ. ಈಗ ಕಾಣುವುದು ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಕಟ್ಟಿದುದು. ಗುಡ್ಡದ ಕೆಳಗೆ ನದಿಯ ಬಳಿ ನಲವತ್ತು ಹುತಾತ್ಮರ ಚರ್ಚು ಇದೆ. ೧೨೩೦ರ ಕ್ಲೊಕೊತ್ನಿತ್ಸಾ ವಿಜಯದ ನೆನಪಿಗಾಗಿ ಎರಡನೆಯ ಇವಾನ್ ಆಸೆನನು ಅದನ್ನು ಅಲಂಕರಿಸಿ, ತನ್ನ ವಿಜಯವನ್ನು ಕಂಬವೊಂದರ ಮೇಲೆ ಕೆತ್ತಿಸಿದನು. ಆ ಯುದ್ಧದಲ್ಲಿ ಸೆರೆಸಿಕ್ಕ ಸಾಮಾನ್ಯ ಸೈನಿಕರನ್ನು ಅವನು ಊರಿಗೆ ಕಳುಹಿಸಿಬಿಟ್ಟನೆಂದು ಗ್ರೀಕ್ ಇತಿಹಾಸಕಾರನೇ ಬರೆದಿದ್ದಾನೆ. ಶತ್ರುಪಕ್ಷದವನ ಲೇಖನಿಯಿಂದ ಬಂದ ಈ ಮಾತು ಕಂಬದ ಶಾಸನಕ್ಕಿಂತ ಹೆಚ್ಚಿನ ಕೀರ್ತಿಯೆಂದು ನಮಗೆ ತೋರುತ್ತದೆ.

ಹದಿನಾಲ್ಕನೆಯ ಶತಮಾನದಲ್ಲಿ ಈ ನಗರದ ಹಿರಿಮೆ ಕತ್ತಿಯಿಂದ ಲೇಖನಿಗೆ ಬಂದಿತು. ದೊರೆ ಇವಾನ್ ಅಲೆಕ್ಸಾಂಡರನಿಗಾಗಿ ೧೩೫೬ರ ಹೊತ್ತಿಗೆ ಸಿದ್ಧವಾದ ಸುವಾರ್ತೆಗಳ ಹಸ್ತಪ್ರತಿಯಲ್ಲಿ ೩೬೬ ಚಿತ್ರಗಳಿವೆ. ಅದು ಈಗ ಲಂಡನಿನ ಬ್ರಿಟಿಷ್ ಗ್ರಂಥಾಲಯದಲ್ಲಿದೆ. ನಗರದ ದಕ್ಷಿಣಕ್ಕಿರುವ ಕಿಲಿಫಾರೆವೊ ಮಠದಲ್ಲಿ ಥಿಯೊಡೋಸಿಯಸ್ ಎಂಬ ಯತಿಯು ಶಿಷ್ಯರಿಗೆ ವಿದ್ಯೆ ಕಲಿಸಿದನು. ಅವರಲ್ಲಿ ಒಬ್ಬನಾದ ಎವ್ತಿಮಿಯು ೧೩೭೫ರಲ್ಲಿ ಧರ್ಮಪೀಠವನ್ನೇರಿ, ಪ್ರತಿ ಮಾಡುವವರ ಕೈಯಲ್ಲಿ ಕೆಟ್ಟುಹೋಗಿದ್ದ ಗ್ರಂಥಗಳ ಭಾಷೆಯನ್ನೂ ಅಕ್ಷರಸಂಯೋಜನೆಯನ್ನೂ ತಿದ್ದಿದನು. ಕಾಗುಣಿತ ತಿದ್ದುವ ಶ್ರಮ ಎಂಥದೆಂಬುದನ್ನು ಉಪಾಧ್ಯಾಯರಾದ ನಮಗೆ ಬೇರೆ ಹೇಳಬೇಕಾಗಿಲ್ಲ.

ಆದರೆ ಕಾಲವು ಅನುಕೂಲವಾಗಿರಲಿಲ್ಲ. ೧೩೯೩ರಲ್ಲಿ ಒಟ್ಟೋಮನ್ ಸೈನ್ಯವು ನಗರವನ್ನು ಮುತ್ತಿತು. ದೊರೆ ಊರಲ್ಲಿರಲಿಲ್ಲ, ಎವ್ತಿಮಿಯೇ ಜನರಿಗೆ ಧೈರ್ಯ ತುಂಬಿದನು. ಮೂರು ತಿಂಗಳ ಮುತ್ತಿಗೆಯ ಬಳಿಕ ಜುಲೈ ೧೭ರಂದು ತರ್ನೊವೊ ಬಿದ್ದಿತು. ಅರಮನೆ ಉರಿಯಿತು, ಎವ್ತಿಮಿ ಗಡೀಪಾರಾದನು. ಆದರೆ ಅವನ ಪರಂಪರೆಯವರು ಲೇಖನಿಗಳೊಡನೆ ಚದುರಿದರು. ಗ್ರಿಗೊರಿ ತ್ಸಾಂಬ್ಲಾಕನು ಮುಂದೆ ಕೀವ್ ನಗರದ ಧರ್ಮಾಧ್ಯಕ್ಷನಾದನು. ಕೊಸ್ತೆನೆತ್ಸಿನ ಕೊನ್‌ಸ್ತಾಂತಿನನು ಸರ್ಬಿಯಾದ ಆಸ್ಥಾನದಲ್ಲಿ ಅಕ್ಷರಗಳ ವಿಷಯವಾಗಿಯೇ ಗ್ರಂಥ ಬರೆದನು.

ಇಷ್ಟಕ್ಕೆ, 'ಗ್ರಂಥ ಉಳಿದರೆ ಭಾಷೆ ಉಳಿಯಿತು' ಎಂದು ನಾವು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ತರ್ನೊವೊದಿಂದ ಉತ್ತರಕ್ಕೆ ಸುಮಾರು ೨೦ ಕಿಲೋಮೀಟರು ನಡೆದರೆ ಆ ಸಮಾಧಾನ ಕರಗುತ್ತದೆ. ಅಲ್ಲಿ ರೋಮನ್ ಚಕ್ರವರ್ತಿ ಟ್ರಾಜನನು ಸ್ಥಾಪಿಸಿದ ನಿಕೊಪೊಲಿಸ್ ನಗರದ ಅವಶೇಷಗಳಿವೆ. ನಾಲ್ಕನೆಯ ಶತಮಾನದಲ್ಲಿ ಆ ಸೀಮೆಯಲ್ಲಿ ನೆಲೆಸಿದ ಉಲ್ಫಿಲಾಸನೆಂಬ ಬಿಷಪನು ಗೋಥ್ ಜನರ ಭಾಷೆಗೆ ಲಿಪಿಯನ್ನು ರಚಿಸಿ, ಬೈಬಲನ್ನು ಅನುವಾದಿಸಿದನು. ನೇರಳೆ ಚರ್ಮಪತ್ರದ ಮೇಲೆ ಬೆಳ್ಳಿಯ ಅಕ್ಷರಗಳಲ್ಲಿ ಬರೆದ ಅದರ ಒಂದು ಪ್ರತಿ ಸ್ವೀಡನಿನ ಉಪ್ಸಾಲಾದಲ್ಲಿ ಭದ್ರವಾಗಿದೆ. ಲಿಪಿಯಿದೆ, ಗ್ರಂಥವಿದೆ; ಆದರೆ ಗೋಥಿಕ್ ಭಾಷೆಯನ್ನು ಮನೆಮಾತಾಗಿ ಆಡುವ ಒಂದು ಮಗುವೂ ಇಂದು ಜಗತ್ತಿನಲ್ಲಿಲ್ಲ. ಬೆಳ್ಳಿಯ ಅಕ್ಷರವೂ ಭಾಷೆಯನ್ನು ಉಳಿಸಲಾರದು.

ಹಾಗಾದರೆ ಬಲ್ಗೇರಿಯನ್ ಭಾಷೆಯನ್ನು ಉಳಿಸಿದುದು ಯಾವುದು? ಅದಕ್ಕಾಗಿ ನಾವು ನೈಋತ್ಯಕ್ಕೆ ತಿರುಗಿ, ಪರ್ವತದ ತಪ್ಪಲಿನ ಗಾಬ್ರೊವೊ ಪಟ್ಟಣಕ್ಕೆ ಹೋಗಬೇಕು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಲ್ಗೇರಿಯನ್ನರು ಮನೆಯಲ್ಲಿ ತಮ್ಮ ಮಾತನ್ನೇ ಆಡುತ್ತಿದ್ದರೂ, ವಿದ್ಯಾವಂತನೆನಿಸಿಕೊಳ್ಳಬೇಕಾದರೆ ಗ್ರೀಕ್ ಕಲಿಯಬೇಕೆಂಬ ಭಾವನೆ ವರ್ತಕರಲ್ಲಿ ಬಲವಾಗಿತ್ತು. ಗಾಬ್ರೊವೊದಲ್ಲಿ ಹುಟ್ಟಿ ಒಡೆಸ್ಸಾದಲ್ಲಿ ವ್ಯಾಪಾರ ಮಾಡುತ್ತಿದ್ದ ವಾಸಿಲ್ ಅಪ್ರಿಲೋವನೂ ಹಾಗೆಯೇ ನಂಬಿದ್ದವನು. ವೆನೆಲಿನ್ ಎಂಬ ಪಂಡಿತನು ಬಲ್ಗೇರಿಯನ್ನರನ್ನು ಕುರಿತು ಬರೆದ ಪುಸ್ತಕವನ್ನೋದಿ ಅವನ ಮನಸ್ಸು ತಿರುಗಿತು. ಅವನ ಮತ್ತು ಅವನ ಮಿತ್ರರ ಹಣದಿಂದ ೧೮೩೫ರಲ್ಲಿ ಹುಟ್ಟೂರಿನಲ್ಲಿ ಬಲ್ಗೇರಿಯನ್ ಮಾಧ್ಯಮದ ಹೊಸ ಶಾಲೆ ತೆರೆಯಿತು. ನಿಯೋಫಿತ್ ರಿಲ್ಸ್ಕಿ ಎಂಬ ಯತಿ ಅದರ ಮೊದಲ ಉಪಾಧ್ಯಾಯ. ಅದೇ ವರ್ಷ ಅವನ ವ್ಯಾಕರಣವೂ ಅಚ್ಚಾಯಿತು.

ಇಲ್ಲಿ ನಮ್ಮನ್ನು ಬೆರಗುಗೊಳಿಸಿದ ಸಂಗತಿಯೊಂದಿದೆ. ಆ ಶಾಲೆಯಲ್ಲಿ ಅನುಸರಿಸಿದುದು ಬೆಲ್-ಲ್ಯಾಂಕಾಸ್ಟರ್ ಪದ್ಧತಿ. ಎಂದರೆ ಮೇಲಿನವರು ಕೆಳಗಿನವರಿಗೆ ಕಲಿಸುವ ಕ್ರಮ. ಆಂಡ್ರ್ಯೂ ಬೆಲ್ ಎಂಬಾತನು ಅದನ್ನು ಕಂಡುಕೊಂಡುದು ನಮ್ಮ ಮದರಾಸಿನಲ್ಲಿ. ಇಲ್ಲಿಯ ಮಕ್ಕಳು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ತಿದ್ದುವುದನ್ನು ಕಂಡು, ತನ್ನ ಅನಾಥಾಲಯದ ಶಾಲೆಗೂ ಅದನ್ನು ತಂದು, ೧೭೯೭ರಲ್ಲಿ ಲಂಡನಿನಲ್ಲಿ ಅದರ ವರದಿಯನ್ನು ಪ್ರಕಟಿಸಿದನು. ದಕ್ಷಿಣ ಭಾರತದ ಜಗಲಿಮಠದ ಮರಳು ಬಾಲ್ಕನ್ ತಪ್ಪಲಿನ ಮಕ್ಕಳಿಗೂ ದಾರಿ ತೋರಿತೆಂದರೆ ಅತಿಶಯೋಕ್ತಿಯಾಗಲಾರದು.

ಮತ್ತೆ ತರ್ನೊವೊಗೆ ಬರೋಣ. ೧೮೭೭ರಲ್ಲಿ ರಷ್ಯಾದ ಸೈನ್ಯ ಬಂದು ನಗರವು ಬಿಡುಗಡೆ ಹೊಂದಿತು. ೧೮೭೯ರಲ್ಲಿ, ಒಟ್ಟೋಮನ್ ಆಡಳಿತಕ್ಕಾಗಿ ಕಟ್ಟಿದ ಕಟ್ಟಡದಲ್ಲಿಯೇ ಪ್ರತಿನಿಧಿಗಳು ಸಭೆ ಸೇರಿ ಹೊಸ ಸಂವಿಧಾನವನ್ನು ಅಂಗೀಕರಿಸಿದರು. ಪ್ರಾಥಮಿಕ ಶಿಕ್ಷಣವು ಎಲ್ಲರಿಗೂ ಉಚಿತ ಮತ್ತು ಕಡ್ಡಾಯವೆಂಬುದು ಅದರ ಒಂದು ವಿಧಿ. ಆ ಸಭೆಯು ರಾಜಧಾನಿಯ ಪಟ್ಟವನ್ನು ಸೋಫಿಯಾ ನಗರಕ್ಕೆ ಕೊಟ್ಟಿತು. ತರ್ನೊವೊಗೆ ಸಿಂಹಾಸನ ಹಿಂದಿರುಗಲಿಲ್ಲ. ಅದರ ಮಕ್ಕಳಿಗೆ ಹಲಗೆ-ಬಳಪ ದೊರೆಯಿತು.

ನಮ್ಮ ಸಂವಿಧಾನದಲ್ಲಿಯೂ ೧೯೫೬ರಲ್ಲಿ ಸೇರಿದ ೩೫೦-ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯಲು ಅನುಕೂಲ ಒದಗಿಸಬೇಕೆನ್ನುತ್ತದೆ. ಗಡಿಯ ಈಚೆ ಕನ್ನಡ ಕಲಿಸುವ ನಮಗೆ ಅದು ಆಸರೆ. ಆದರೆ ಮಗುವನ್ನು ಕರೆತರುವುದು ತಂದೆತಾಯಿಗಳ ಕೆಲಸ. ಬಂದ ಮಗು ಸಂತೋಷದಿಂದ ಕಲಿಯುವಂತೆ ಮಾಡುವುದು ನಮ್ಮ ಕೆಲಸ. ಇವೆರಡನ್ನೂ ಯಾವ ವಿಧಿಯೂ ನಮಗಾಗಿ ಮಾಡಿಕೊಡಲಾರದು.

ಆ ಬಾಲಕಿಗೆ ನಾವು ಕೊನೆಗೆ ಹೇಳಿದ ಉತ್ತರವಿಷ್ಟೆ: "ಮಗೂ, ಊರು ಬಿದ್ದ ದಿನ ಮಾತು ಸಾಯುವುದಿಲ್ಲ. ದೊಡ್ಡವರು ಚಿಕ್ಕವರಿಗೆ ಕಲಿಸುವುದನ್ನು ಬಿಟ್ಟ ದಿನ ಸಾಯುತ್ತದೆ." ಅವಳು ಸ್ವಲ್ಪ ಹೊತ್ತು ಯೋಚಿಸಿ, ಮರುದಿನದಿಂದ ಮಧ್ಯಾಹ್ನದ ಬಿಡುವಿನಲ್ಲಿ ಒಂದನೆಯ ತರಗತಿಯ ಮಕ್ಕಳಿಗೆ ಕಾಗುಣಿತ ಹೇಳಿಕೊಡಲು ಅನುಮತಿ ಕೇಳಿದಳು. ನಾವು ಸಂತೋಷದಿಂದ ಕೊಟ್ಟೆವು.